ಹೋಲಿಕೆಯ ಗುಂಪು

ಗ್ರಿಮ್ಸ್‌ಬಿಯ ಇನ್ನೂರು ಮನೆಗೆ ಕಂಪ್ಯೂಟರು ಚೀಟಿ ಎತ್ತಿತು:
ನೂರಕ್ಕೆ ವಾರಕ್ಕೊಮ್ಮೆ ಮಾತಾಡಿಸುವ ಜನ,
ನೂರಕ್ಕೆ ಏನೂ ಇಲ್ಲ.
ಆ ಏನೂ ಇಲ್ಲದವರ ಪಟ್ಟಿ ನನ್ನ ಪಾಲಿಗೆ.

ತಿಂಗಳಿಗೊಮ್ಮೆ ಹೋಗಿ ಕೇಳಬೇಕು:
ಹತ್ತಕ್ಕೆ ನಿಮ್ಮ ಒಂಟಿತನ ಎಷ್ಟು?

ಡೋರಿನ್ ಡ್ಯಾನಟ್, ಮೂವತ್ತು ವರ್ಷ
ದಕ್ಕೆಯಲ್ಲಿ ಮೀನು ಸೀಳಿದವಳು,
ಎಡಗೈಗೆ ನಾಲ್ಕೇ ಬೆರಳು.
ಬಾಗಿಲ ಸರಪಳಿ ತೆಗೆಯದೆ
ಸಂದಿಯಿಂದಲೇ ಅಂದಳು: "ಒಂಬತ್ತು. ಬರಕೋ."
ಬರಕೊಂಡೆ.

ಎರಡನೇ ಸಲ ಸರಪಳಿ ಇರಲಿಲ್ಲ.
ಮೂರನೇ ಸಲ ಕೆಟಲು ಆಗಲೇ ಕುದಿದಿತ್ತು.
ಆಮೇಲೊಂದು ದಿನ, ಹ್ಯಾಡಕ್ಕಿನ ಬೆನ್ನಮೂಳೆ
ಒಂದೇ ಎಳೆತಕ್ಕೆ ಬಿಡಿಸುವ ವಿದ್ಯೆ,
ಗಾಳಿಯಲ್ಲಿ, ಚಮಚ ಹಿಡಿದು.

"ನನಗಂತೂ ಏನೂ ಬರಲ್ಲ, ಅಲ್ವಾ?"
ಇಲ್ಲ, ನೀವು ಹೋಲಿಕೆಗೆ ಮಾತ್ರ, ಎಂದೆ.
"ಅಮ್ಮನೂ ಹಂಗೇ. ಸಾಯೋತನಕ
ನನ್ನ ಅಕ್ಕನ ಪಕ್ಕ ನಿಲ್ಲಿಸಿ ನೋಡಿದಳು."
ನಕ್ಕೆವು. ನನ್ನ ಬಿಸ್ಕತ್ತು ಮುರಿದು
ಚಹಾದ ತಳಕ್ಕಿಳಿಯಿತು.

ವರ್ಷದ ಕೊನೆಗೆ ಅವಳ ಅಂಕ ನಾಲ್ಕು.
ಮಾತಿನವರು ಹೋದ ಮನೆಗಳದ್ದೂ ನಾಲ್ಕು ಚಿಲ್ಲರೆ.
ವರದಿಯಲ್ಲಿ ಬರೆದೆ: ಗಣನೀಯ ವ್ಯತ್ಯಾಸವಿಲ್ಲ.
ಲೆಕ್ಕ ಸರಿಯಿತ್ತು, ಮೂರು ಸಲ ನೋಡಿದೆ.
ಕೌನ್ಸಿಲ್ಲು ಯೋಜನೆ ನಿಲ್ಲಿಸಿತು.

ಅಡಿಟಿಪ್ಪಣಿಯಲ್ಲಿ ಒಂದು ಸಾಲು ಹಾಕಿದ್ದೆ:
ಕೇಳಲು ಹೋದವರೂ ಮನೆಯೊಳಗೆ ಕೂತಿದ್ದರು.
ಪುಟ ಮೀರಿತೆಂದು ತೆಗೆದರು.

ಇವತ್ತು ತಿಂಗಳ ಎರಡನೇ ಮಂಗಳವಾರ.
ಕ್ಲೀಥಾರ್ಪ್ಸ್ ಕಡೆಯ ರೈಲು ಹತ್ತೂ ಇಪ್ಪತ್ತಕ್ಕೆ.
ಹತ್ತಿ ಕೂತಿದ್ದೇನೆ.
ಕೈಯಲ್ಲಿ ಫಾರಮ್ಮಿಲ್ಲ,
ಏನಂತ ಹೇಳಿ ಬಾಗಿಲು ತಟ್ಟಲಿ?