ಸರಿ ಪುಟ, ಬೆಸ ಪುಟ

ದಾಳದ ಚೀಲ ಹೊಲದಾಕಿ ನಾನ,
ಕುಬಸ ಹೊಲದು ಉಳಿದ ಗುಳೇದಗುಡ್ಡ ಖಣದ ತುಂಡಿನ್ಯಾಗ.
ಆರು ಮುಖದವು ಹತ್ತು. ಇಪ್ಪತ್ತು ಮುಖದ್ದು ಒಂದ ಒಂದು,
ದಸ್ತಗೀರ ಪುಣೆಯಿಂದ ತರಿಸಿದ್ದು,
ಕಿವಿಯೋಲಿ ಕೊಟ್ಟಂಗ ಹತ್ತ್ಯಾಗ ಸುತ್ತಿ ಕೊಟ್ಟಿದ್ದ.

"ಬೆಳಗಾವ್ಯಾಗ ಏನೈತಿ?" ಅಂದ್ರು ಅತ್ತಿ.
ಎರಡು ದಿನದ ಆಟದ ಮೇಳ, ಅಂದೆ. ಮೇಜಿನ ಮ್ಯಾಲಿನ ಆಟ.
"ಇಸ್ಪೀಟ?" ಅಲ್ಲ. "ಚೌಕಾಬಾರಾ?"
ಅದರ ಮೊಮ್ಮಗ ಅನ್ರಿ. ನಾವ ಮಾಡಿದ್ದು, ಕ್ವಾಟಿ ಮುತ್ತೋ ಆಟ.
"ಹಂಗಾರ ಒಂದ್ ಹಿಡಿ ಹುಣಸೀಬೀಜ ಇಟಗೊ,
ಕಾಯಿ ಯಾವಾಗೂ ಕಮ್ಮಿ ಬೀಳತಾವು."
ನಕ್ಕೆ. ನಗಬಾರದಿತ್ತು.

ದಸ್ತಗೀರನ ಧಂದೆ ಟ್ರ್ಯಾಕ್ಟರ್ ಟ್ರೇಲಿಗಿ ಬಣ್ಣ ಹೊಡಿಯೋದು.
ಅಂಥಾ ಕೈ, ಹೆಬ್ಬೆಟ್ಟಿನಷ್ಟು ಸಿಪಾಯಿಗೋಳ ಮೀಸಿ ಬರದಿತ್ತು,
ಮೂರು ತಿಂಗಳು, ಅರವತ್ತು ಮೀಸಿ.
ಹೊರಡೋ ಹಿಂದಿನ ರಾತ್ರಿ ಅವನಿಗೊಂದು ಆಸೆ ಹುಟ್ಟಿತು:
"ಇನ್ನೊಂದು ಕೋಟು ವಾರ್ನಿಶ್ ಹೊಡದ್ರ ಹೊಳೀತಾವ ನೋಡು."

ಹೊಳದ್ವು. ಒಣಗಲಿಲ್ಲ.
ಇಂಜಿನ್ ಪಕ್ಕದ ಸೀಟು, ಮೇ ತಿಂಗಳು,
ಲೋಕಾಪುರದಾಗ ಡಬ್ಬಿ ಬಿಸಿ,
ಯರಗಟ್ಟಿಯೊಳಗ ಅಲುಗಾಡಿಸಿದ್ರ ಸಪ್ಪಳ ಇಲ್ಲ.
ಬೆಳಗಾವ್ಯಾಗ ತಗದು ನೋಡತೀವಿ, ಎರಡೂ ದಂಡು ಒಂದ ಉಂಡಿ:
ಅವರ ಭರ್ಚಿ ಇವರ ಬಗಲಾಗ, ಇವರ ಗಲ್ಲ ಅವರ ಹೆಗಲಮ್ಯಾಲ,
ಎಷ್ಟೋ ವರ್ಷಕ್ಕ ಭೆಟ್ಟಿ ಆದ ಬೀಗರಂಗ.
ದಸ್ತಗೀರ ಡಬ್ಬಿ ಮುಚ್ಚಿದ, ಮತ್ತ ತಗದ, ಮತ್ತ ಮುಚ್ಚಿದ.

ಸಮ್ಮೇದ ಚೌಗುಲೆ ಅಂತ, ಮೇಳ ನಡಸಾಂವ, ಕೊರಳಾಗ ಸೀಟಿ.
"ಹದಿನಾಲ್ಕನೇ ಮೇಜು, ಫ್ಯಾನಿನ ಕೆಳಗ. ನಸೀಬು ಛಲೋ ಐತಿ."
ಫ್ಯಾನ್ ಹಾಕಿದ್ರ ಚೀಟಿ ಹಾರತಿದ್ವು,
ಬಂದ್ ಮಾಡಿದ್ರ ಮಂದಿ.

ಮೊದಲನೇ ರೇಲ್ವೆ ಗೇಟಿನ ಕಿರಾಣಿ ಅಂಗಡಿಗೆ ಓಡಿದೆ.
ಬರೇ ಬೀಜ ಇಲ್ಲಂತ. ಹಣ್ಣು ಐತಿ, ಅರ್ಧ ಕಿಲೋ.
ಹಂಗಾಗಿ, ಕ್ವಾಟಿ ಮುತ್ತಾಕ ಬಂದ ಆರು ಮಂದಿ
ಮೊದಲ ತಾಸು ಹುಣಸಿಹಣ್ಣು ಚೀಪಿದ್ರು.
ಮುಖ ಕಿವಿಚಿಗೋಂತ, ಕಣ್ಣು ಮುಚಿಗೋಂತ
ಒಬ್ಬೊಬ್ಬರು ಹತ್ತತ್ತು ಸಿಪಾಯಿ ಹಡದ್ರು.

ಆಮ್ಯಾಲೆ ನಿಯಮದ ಪುಸ್ತಕ ಹಂಚಿದೆ.
ಬಾಗಲಕೋಟಿ ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಹುಡುಗ,
ಬಸ್ಸು ಹಾರ್ನ್ ಹೊಡಿಯಾಕತ್ತಿತ್ತು, ಹಾಳಿ ಒಂದ ಮಗ್ಗಲ ತಗದಿದ್ದ.
ಒಂದು, ಮೂರು, ಐದು, ಏಳು. ಬರೇ ಬೆಸ.
"ಸರಿ ಇರೋದು ಒಂದೂ ಇಲ್ಲಲ್ಲ ನಿಮ್ಮಲ್ಲಿ,"
ಅಂದ ಚೌಗುಲೆ, ಸೀಟಿ ತಿರುವಿಕೋತ.

ಏಳನೇ ಪುಟದ ಕೊನಿ ಸಾಲು: ಆನಿ ನದಿಗಿ ಇಳಿದರ
ಒಂಬತ್ತರ ಮೊದಲ ಸಾಲು: ಆಮ್ಯಾಲೆ ದಾಳ ಎದುರಾಳಿಗೆ.
ನಡುವ ಏನು? ಬರದಾಕಿ ನಾನ, ನನಗ ನೆನಪಿಲ್ಲ.
ಮೂರು ಮನಿ ಹಿಂದ, ಅಂದೆ.
ಎರಡು ಸರತಿ ಸುಮ್ಮ ಕುಂಡ್ರಬೇಕು, ಅಂದ ದಸ್ತಗೀರ.
ಮಂದಿ ಎದುರ ಜಗಳ ಬಿತ್ತು, ವಾರ್ನಿಶ್ ವಿಷಯಾನೂ ಬಂತು.

ಖಾನಾಪುರದಿಂದ ಅಪ್ಪನ ಜೋಡಿ ಬಂದಿದ್ದ ಮೃಣ್ಮಯಿ,
ಒಂಬತ್ತೋ ಹತ್ತೋ, ಬೀಜ ಕೆನ್ನೆಗೆ ಸರಿಸಿ
ಮರಾಠಿ ಮನಿಯ ಸಾಲಿಕನ್ನಡದಾಗ ಹೇಳಿದ್ಲು:
"ಆನೆ ನೀರಿಗೆ ಇಳಿದರೆ
ಅದರ ಸ್ನಾನ ಮುಗಿಯುವವರೆಗೂ ಯಾರೂ ಯುದ್ಧ ಮಾಡಬಾರದು."
ಎಷ್ಟೊತ್ತು ಸ್ನಾನ?
"ಅದಕ್ಕೆ ಗೊತ್ತು."

ಆರೂ ಮಂದಿ ಬರಕೊಂಡ್ರು.
ಒಂದು ಆನಿ ಇಳೀತು. ಅದು ಏಳೋದರೊಳಗ ಇನ್ನೊಂದು.
ಸಂಜಿ ಏಳಕ್ಕ ನದೀ ತುಂಬ ಆನಿ,
ದಂಡಿಮ್ಯಾಲ ಅರವತ್ತು ಹುಣಸೀಬೀಜ ಕಾಯಕೋತ ಕುಂತಿದ್ವು.
"ಯಾರು ಗೆದ್ರು? ಹಲಗಿಮ್ಯಾಲ ಬರೀಬೇಕು," ಅಂದ ಚೌಗುಲೆ.
"ಜಳಕ ನಡದೈತ್ರಿ."
ಅವ ಹಂಗ ಬರದ.

ವಾಪಸ್ ಬರುವಾಗ ಝೆರಾಕ್ಸ್ ಹುಡುಗ ಮೂಲ ಪ್ರತಿ ಕೊಟ್ಟ,
ಮಷಿನ್ ಗಾಜಿನ ಮ್ಯಾಲ ಉಳದಿತ್ತಂತ.
ಎಂಟನೇ ಪುಟ. ನನ್ನ ಅಕ್ಷರ:
ಆನಿ ಮುಳುಗಿತು. ಕಾಯಿ ತಗದುಬಿಡ್ರಿ.

ದಸ್ತಗೀರ ಥಿನ್ನರ್ ಬಟ್ಟಲ ಮುಂದ ಕುಂತಾನ, ದಂಡು ಬಿಡಸಾಕ.
ಸಿಪಾಯಿ ಬಿಡತಾವು, ಮೀಸಿ ಹೋಗತಾವು.
"ಆ ಹಾಳಿ ಹರಿ," ಅಂದ. ಹರದೆ.
ಹರದ ಮ್ಯಾಲ ನೋಡತೀನಿ, ಅದರ ಬೆನ್ನಿಗೆ ಏಳು.
ಇರ್ಲಿ, ಏಳರ ನಕಲು ಬೇಕಾದಷ್ಟು ಅದಾವ.

ಇಪ್ಪತ್ತು ಮುಖದ ದಾಳ ಎಲ್ಲಿ ಅಂತ ಅವ ಇನ್ನೂ ಕೇಳಿಲ್ಲ.
ಯರಗಟ್ಟಿ ಸ್ಟ್ಯಾಂಡಿನ್ಯಾಗ, ಕಕ್ಕಸ ಕಾಯೋಾಕಿಗೆ
ಐದು ರೂಪಾಯಿ ಚಿಲ್ಲರ ಹುಡುಕುವಾಗ
ಖಣದ ಚೀಲದ ದಾರ ಬಿಚ್ಚಿದಾಕಿ ನಾನ.
ಕೇಳಿದ್ರ ಹೇಳಬೇಕು.