ಕಡೀ ರೀಲು

ಬನಹಟ್ಟಿ. ಶುಕ್ರವಾರ, ಸೆಕೆಂಡ್ ಶೋ.
ಪಡದೆ ಕಪ್ಪಾತು. ಅರ್ಧ ನಿಮಿಷ ಯಾರೂ ಏಳಲಿಲ್ಲ.
ಆಮ್ಯಾಲ ಒಂದು ಸಿಳ್ಳಿ, ಅದರ ಹಿಂದ ಒಂದು ಬೈಗುಳ,
ಅದರ ಹಿಂದ ನನ್ನ ಕ್ಯಾಬಿನ್ನಿನ ಕಬ್ಬಿಣದ ಮೆಟ್ಟಲ ಮ್ಯಾಲ
ಇಪ್ಪತ್ತು ಜೋಡು ಚಪ್ಪಲಿ.

"ಕಡೀ ರೀಲು ಎಲ್ಲಿ ಇಟ್ಟೀಯೋ ಚನಮಲ್ಲ?
ನಿದ್ದಿ ಬಂತಂತ ಕತ್ತರಿ ಹಾಕಿದ್ಯೇನು?"
ಡಬ್ಬಿ ಬೋರಲು ಮಾಡಿ ತೋರಿಸಿದೆ.
ಡಬ್ಬಿ ಖಾಲಿ ಇದ್ದದ್ದಕ್ಕ ಅವರ ಸಂಶಯ ಇನ್ನೂ ಬಲೀತು.

ಆಗಿದ್ದು ಇಷ್ಟ:
ರಾತ್ರಿ. ಕದಾ ಯಾರೋ ಬಡೀತಾರ, ಮೂರು ಸಲ.
ಆಕಿ ಕಂದೀಲು ಎಡಗೈಗೆ ತಗೊಂಡು ಏಳತಾಳ.
ಬಲಗೈ ಚಿಲಕ ಮುಟ್ಟತೈತಿ.
ಕಪ್ಪು.
ಏಳು ವರ್ಸದ ಹಿಂದ ಹೋದ ಗಂಡನೋ, ಪೊಲೀಸನೋ, ಬರೇ ಗಾಳಿಯೋ,
ಹೇಳಬೇಕಾದವರು ತಮ್ಮ ಹೆಸರು ಹಾಕಿ ಮನೀಗೆ ಹೋಗ್ಯಾರ.

ಮರುದಿನ ಊರು ಎರಡು ಹೋಳು.
ಮಗ್ಗದ ಖಟಖಟದಾಗೂ ಜಗಳ ಕೇಳತಿತ್ತು.
ನೂಲಿನಂಗಡಿ ರಾಚಪ್ಪ: "ಗಂಡ ಬಂದಾನ, ಮತ್ಯಾರು?
ಒಲಿ ಮ್ಯಾಲ ಇಬ್ಬರಿಗಾಗೂವಷ್ಟು ಅನ್ನ ಇತ್ತಲ್ಲ!"
ಕುಲಗೋಡ ಮಾಸ್ತರ ಚಾಳೀಸು ಒರಸಕೋತ:
"ಗಂಡ ಸತ್ತಾನ. ನಡುವ ಒಮ್ಮೆ
ಗೋಡಿ ಮ್ಯಾಲಿನ ಫೋಟೋದ ಧೂಳಾ ಹೊಡೀತಾಳ, ನೋಡಲಿಲ್ಲೇನು?"
ಕಂಡಕಿ ಸುತ್ತೋ ಅಂಬವ್ವ ಒಬ್ಬಾಕಿ ಬಾಯಿ ಬಿಡಲಿಲ್ಲ.
ಆಕಿ ಗಂಡ ಇಚಲಕರಂಜಿಗೆ ಹೋಗಿ ಒಂಬತ್ತು ದೀಪಾವಳಿ.
ಆ ವಾರ ಮೂರು ಸಲ ಟಿಕೀಟು ತಗೊಂಡ್ಲು,
ಮೂರೂ ಸಲ ಕದಾ ಬಡಿಯೂದ್ರೊಳಗ ಎದ್ದು ಹೊರಗ ಹೋದ್ಲು.

ಹಿರೇ ನೇಕಾರ ಸಂಕಣ್ಣ ಚಹಾದಂಗಡ್ಯಾಗ ಅಂದ:
"ಸೀರಿ ಕೊಯ್ದ ಮ್ಯಾಲ ಮಗ್ಗದಾಗ ಒಂದು ಗೇಣು ಹಾಸು ಉಳಸ್ತೀವಿ.
ಅದಕ್ಕ ಮುಂದಿನ ಹಾಸು ಕೆಚ್ಚಬೇಕಲ್ಲ, ಎಳಿಗೆ ಎಳಿ.
ಅಂವ ಆ ಗೇಣು ಬಿಟ್ಟಾನ. ಕೆಚ್ಚೂದು ನಿಮ್ಮ ಕೆಲಸ."
ರಾಚಪ್ಪ ಬಿಟ್ಟಾನ?
"ನಾ ರೊಕ್ಕಾ ಕೊಟ್ಟಿದ್ದು ಸೀರಿಗೆ, ದಶಿಗಲ್ಲ."
ಅದೂ ಖರೇನ. ನಾ ಸುಮ್ಮನ ಚಹಾ ಕುಡದೆ.

ನೀವು ಒಮ್ಮೆ ನೋಡೀರಿ, ನಾ ಇಪ್ಪತ್ತೆಂಟು ಸಲ,
ಗೋಡಿಯ ತೂತಿನಾಗಿಂದ, ಒಂದು ಕಿವಿ ಮಷಿನ್ನಿಗೆ ಕೊಟ್ಟು.
ಮೊದಲ ಮೊದಲ ನಾನೂ ಕದದ ಆಚೆ ಮಾರಿ ಹುಡಕಿದೆ.
ಆಮ್ಯಾಲ ಆಚೆ ಬಿಟ್ಟು ಕದಾನ ನೋಡಿದೆ.
ಇಡೀ ಪಿಚ್ಚರಿನ್ಯಾಗ ಆಕಿ ಒಂದು ರಾತ್ರೀನೂ
ಆ ಚಿಲಕ ಹಾಕಿಲ್ಲ.
ಬರೇ ಮುಂದ ಮಾಡಿ ಮಲಗ್ಯಾಳ.
ತಿಳಿದಾಂವ ಬಡೀತಿದ್ದಿಲ್ಲ, ನೂಕತಿದ್ದ.
ಅಥವಾ, ಏಳು ವರ್ಸಕ್ಕ ತಿಳಿದಾಂವನೂ ಮರೀತಾನ.
ಇದನ್ನ ಚಹಾದಂಗಡ್ಯಾಗ ಹೇಳಲಿಲ್ಲ ನಾನು.

ಇನ್ನೊಂದೂ ಹೇಳಿಲ್ಲ.
ಗುರುವಾರ ಕಡೀ ಆಟದಾಗ ಫಿಲ್ಮು ಹರೀತು, ಬರೋಬ್ಬರಿ ಅಲ್ಲೇ.
ಬ್ಲೇಡಿಲೆ ಕೊಯ್ದು, ಉಸರು ಬಿಗಿಹಿಡದು ಅಂಟಿಸಿದೆ.
ಮೂರು ಫ್ರೇಮು ಉಳದ್ವು. ಕಡ್ಡಿಪೆಟ್ಟಿಗ್ಯಾಗ ಇಟಗೊಂಡೆ.
ಪಿಚ್ಚರು ಮುಧೋಳಕ್ಕ ಹೋತು.
ಅಲ್ಲೆ ಆಕಿ ಕೈ ಚಿಲಕ ಮುಟ್ಟೂ ಮೊದಲ ಕಪ್ಪು.
ನೀವು ಬೈದಿದ್ದು ಸುಳ್ಳಲ್ಲ, ಆರು ದಿನ ಲಗೂ ಬೈದ್ರಿ ಅಷ್ಟ.

ಟಾಕೀಜು ಈಗ ನೂಲಿನ ಗೋದಾಮು.
ನಿನ್ನೆ ಟ್ರಂಕಿನ್ಯಾಗ ಕಡ್ಡಿಪೆಟ್ಟಿಗಿ ಸಿಕ್ಕಿತು.
ಬಲ್ಬಿಗೆ ಹಿಡದು ನೀಲವ್ವಗ ಅಂದೆ,
"ನೋಡು, ಕದಾ ತಗ್ಯಾಕ ಹತ್ಯಾಳ."
ಸೆರಗಿಲೆ ಒರಸಿ, ಒಂದು ಕಣ್ಣು ಮುಚ್ಚಿ, ಭಾಳೊತ್ತು ನೋಡಿದ್ಲು.
"ಹೆಬ್ಬಟ್ಟು ನೋಡ್ರಿ. ತಗ್ಯಾಕಲ್ಲ.
ಹಾಕ್ಕೊಳ್ಳಾಕ ಹತ್ಯಾಳ."
"ಹುಚ್ಚಿ, ಏಳು ವರ್ಸ ಕಾದಾಕಿ..."
"ಅದಕ್ಕ ಅಂತೀನಿ."

ಹಂಗಂದ್ರೇನು ಅಂತ ಕೇಳಾಕ ಬಾಯಿ ತಗದೆ.
ಕರೆಂಟು ಹೋತು.