ಮುಟ್ಟಿದ್ದಕ್ಕೆ

ಅಡುಗೆಮನೆಯ ತಕ್ಕಡಿ
ಬೆಳಿಗ್ಗೆ ತೊಗರಿಬೇಳೆಗೆ, ಮಧ್ಯಾಹ್ನ ಬಾಬಿನ್ನಿಗೆ.
ಬರ್ನ್ಲಿಯ ಈ ಸಾಲುಮನೆಯಿಂದ ನಾನು ಮಾರುವುದು
ಹಳೆಯ ಹೊಲಿಗೆಯಂತ್ರದ ಬಿಡಿಭಾಗ:
ಶಟ್ಲು, ಸ್ಪ್ರಿಂಗು, ಹಲ್ಲು ಸವೆಯದ ಪುಟ್ಟ ಗಾಲಿ.
ಗಿರಣಿಗಳೆಲ್ಲ ಮುಚ್ಚಿದ ಊರು,
ಕಬ್ಬಿಣ ಅಗ್ಗ. ಅಂಚೆ ತುಟ್ಟಿ.

ಪ್ಲಾಸ್ಟಿಕ್ ಹಲಗೆಯಲ್ಲಿ ಒಂದು ಸೀಳಿದೆ,
ಹೆಬ್ಬೆರಳಿನಷ್ಟು ಅಗಲ.
ನುಸುಳಿದರೆ ಪತ್ರ,
ಸಿಕ್ಕಿಕೊಂಡರೆ ಪಾರ್ಸೆಲ್ಲು, ದರ ದುಪ್ಪಟ್ಟು.
ಲಕೋಟೆಯ ಮೇಲೆ ಕೂತು ಗಾಳಿ ಹೊರಡಿಸುತ್ತೇನೆ,
ಮಗುವಿಗೆ ಬಿಗಿಯಂಗಿ ತೊಡಿಸುವ ಹಾಗೆ
ಮೊದಲು ಒಂದು ತೋಳು, ಅಳುವ ಮೊದಲೇ ಇನ್ನೊಂದು,
ಹೋಯಿತು!
ಉಳಿದದ್ದು ಒಂದೂವರೆ ಪೌಂಡು.
ಅದರಲ್ಲೇನು ಲಾಭ ಅನ್ನಬೇಡಿ,
ಅದೇ ಲಾಭ.

ಖಾತ್ರಿಗೆ ಬೇರೆ ದುಡ್ಡು,
ಮುಟ್ಟಿತು ಎನ್ನುವ ಒಂದೇ ಮಾತಿಗೆ.
ರಾಣೆಬೆನ್ನೂರಿನ ಸೋದರತ್ತೆ
ಪ್ರತಿ ಕಾರ್ಡಿನ ಕೊನೆಗೆ, ಅಂಚಿನುದ್ದಕ್ಕೂ ಬಾಗಿಸಿ,
'ಮುಟ್ಟಿದ್ದಕ್ಕೆ ಉತ್ತರ ಬರೆಯುವುದು' ಎನ್ನುತ್ತಿದ್ದಳು.
ಯಾರೂ ಬರೆಯುತ್ತಿರಲಿಲ್ಲ.
ಮುಟ್ಟಿದೆ ಅಂದುಕೊಂಡು ಮುಂದಿನ ಕಾರ್ಡು ತರುತ್ತಿದ್ದಳು.
ಆಗ ಮೌನವೇ ರಸೀದಿ.

ಈಗ ಅದಕ್ಕೆ ದಂಡ.
ಹೋದ ನವೆಂಬರಿನಲ್ಲಿ ವಿಟ್ಬಿಯ ಮೋರೀನ್ ಟ್ಯಾಟರ್ಸಾಲ್
ಎರಡೇ ಪದ ಬರೆದಳು: ಇನ್ನೂ ಬಂದಿಲ್ಲ.
ಹನ್ನೊಂದು ಪೌಂಡಿನ ಶಟ್ಲು. ಖಾತ್ರಿ ಕೊಂಡಿರಲಿಲ್ಲ ನಾನು.
ಹಣ ಮರಳಿಸಿದೆ, ಮೇಲೆ ಕ್ಷಮೆಯನ್ನೂ ಕೇಳಿದೆ,
ಶಟ್ಲು ನನ್ನ ಸೆರಗಿನಲ್ಲೇ ಇದ್ದ ಹಾಗೆ.
ದಿನಸಿ ಅಂಗಡಿಯ ಹಿಂದೆ ಅಂಚೆಗೂಡಿನಲ್ಲಿ ಕೂರುವ ಇಮ್ತಿಯಾಜ್
ಠಸ್ಸೆ ಒತ್ತುತ್ತಲೇ ಹೇಳಿದ:
'ಆಂಟೀ, ನಂಬಿಕೆಗೆ ಸ್ಟಾಂಪು ಅಂಟೋದಿಲ್ಲ.'

ಅಂದಿನಿಂದ ಎಲ್ಲದಕ್ಕೂ ಖಾತ್ರಿ.
ಅಂದಿನಿಂದ ಫೋಟೊಗಳು,
ಅಂಚೆಯವರು ಅವಸರದಲ್ಲಿ ಓರೆಯಾಗಿ ತೆಗೆದವು.
ಲಿಂಕನ್ನಿನ ಹಸಿರು ಬಾಗಿಲು.
ಕಾರ್ಡಿಫಿನ ನಾಯಿಯ ಒದ್ದೆ ಮೂಗು.
ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಬಂದವರು, ಪರ್ತ್.
ಹಿಟ್ಟು ಮೆತ್ತಿದ ಕೈ, ಊರು ಮರೆತೆ.
ಹದಿನಾಲ್ಕು ವರ್ಷದಲ್ಲಿ ಈ ದೇಶದಲ್ಲಿ ನಾನು ದಾಟಿದ್ದು
ಮೂರು ಮನೆಯ ಹೊಸ್ತಿಲು,
ಅದರಲ್ಲೊಂದು ಹಲ್ಲಿನ ಡಾಕ್ಟರದು.
ನೋಡಿದ್ದು ನಾನೂರಕ್ಕೂ ಮಿಗಿಲು,
ಒಂದೊಂದಕ್ಕೂ ದುಡ್ಡು ಕೊಟ್ಟು.

ಮಾರ್ಚಿನಲ್ಲಿ ಮೋರೀನ್ ಮತ್ತೆ ಕೇಳಿದಳು.
ಅದೇ ಶಟ್ಲು.
ಖಾತ್ರಿಯ ಜೊತೆ ಸಹಿಗೂ ದುಡ್ಡು ತೆತ್ತು ಕಳಿಸಿದೆ.
ಹತ್ತು ನಲವತ್ತಕ್ಕೆ ಚಿತ್ರ ಬಂತು:
ಕಂದು ಚಾಪೆ, ನನ್ನ ಲಕೋಟೆ, ಅರ್ಧ ತೆರೆದ ಬಾಗಿಲು,
ಒಳಗೆ ಗೋಡೆಗುಂಟ ಸೊಂಟದೆತ್ತರ ಪೆಟ್ಟಿಗೆಗಳು,
ಒಂದನ್ನೂ ಒಡೆದಿಲ್ಲ.
ಬೆರಳಿಂದ ಹಿಗ್ಗಿಸಿ ನೋಡಿದೆ.
ನಾಲ್ಕನೆಯದರ ಕೆಳಗೆ ನೀಲಿ ಟೇಪು,
ಅಡ್ಡ ಎರಡು, ಉದ್ದ ಒಂದು,
ದರ್ಜಿ ಅಪ್ಪ ಗಿರಾಕಿಗಳ ಗಂಟು ಕಟ್ಟುತ್ತಿದ್ದ ಕ್ರಮ.
ನವೆಂಬರಿನ ನನ್ನದೇ ಲಕೋಟೆ.

ಮುಟ್ಟಿದೆ.
ಅವಳು ಮುಟ್ಟಿಲ್ಲ.

ಹನ್ನೊಂದು ಪೌಂಡು ಬರಬೇಕು, ಪುರಾವೆ ಕೈಯಲ್ಲಿದೆ.
'ಮಾನ್ಯರೇ, ಚಿತ್ರದ ಎಡಮೂಲೆಯನ್ನು ಗಮನಿಸಿ'
ಎಂದು ಶುರುಮಾಡಿದೆ. ಅಳಿಸಿದೆ.
ಅದು ಯಾರ ಯಂತ್ರವೋ,
ಯಾವ ಬಟ್ಟೆ ಅರ್ಧಕ್ಕೆ ನಿಂತು ಎಷ್ಟು ಕಾಲವಾಯಿತೋ.
'ಶಟ್ಲು ಕೂರಿಸುವುದು ಸ್ವಲ್ಪ ಕಷ್ಟ,
ಬೇಕಿದ್ದರೆ ಫೋನಿನಲ್ಲಿ ಹೇಳಿಕೊಡುತ್ತೇನೆ'
ಎಂದಷ್ಟೇ ಬರೆದು ಕಳಿಸಿದೆ.
ಅದಕ್ಕೆ ಅಂಚೆವೆಚ್ಚವಿಲ್ಲ, ಖಾತ್ರಿಯೂ ಇಲ್ಲ.

ಕುಕ್ಕರು ಮೂರನೆಯ ಸಲ ಕೂಗಿತು.
ತಕ್ಕಡಿಯ ಮೇಲೆ ನಾಳೆಯ ಸ್ಪ್ರಿಂಗು,
ನೂರ ಒಂದು ಗ್ರಾಂ.
ಕತ್ತರಿ ಹುಡುಕಿ
ಲಕೋಟೆಯ ಅಂಚು ಸವರತೊಡಗಿದೆ.